ಎಮ್ಮೆಲ್ಲೆ ಒಬ್ಬರ ಬಗ್ಗೆ ಬರೆಯಲು ಕೂತವರಿಗೆ

ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಆಗಿನ್ನೂ ಲ್ಯಾಂಡ್‌ಲೈನ್ ಕಾಲ. ಹಿಂದಿನ ದಿನ ತೀರಿಕೊಂಡಿದ್ದ ಮಾಜಿ ಶಾಸಕರೊಬ್ಬರ ಬಗ್ಗೆ ನಾನು ಬರೆದ ಮುಕ್ಕಾಲು ಕಾಲಂ ಅವತ್ತಿನ ಪತ್ರಿಕೆಯಲ್ಲಿ ಬಂದಿತ್ತು. "ನಾಲ್ಕು ಬಾರಿ ಶಾಸಕರಾಗಿದ್ದ" ಅಂತ ಮೊದಲ ಸಾಲಿನಲ್ಲೇ ಬರೆದಿದ್ದೆ. ಫೋನ್ ಮಾಡಿದವರು ಜಗಳಕ್ಕೆ ಬರಲಿಲ್ಲ. ಮೆತ್ತಗೆ ಕೇಳಿದರು. "ಸಾರ್, ಅವ್ರು ನಾಲ್ಕು ಸಲ ಗೆದ್ದಿದ್ರೆ ನಮ್ಮಪ್ಪ ಯಾವಾಗ ಗೆದ್ದಿದ್ದು?"

ತೀರಿಕೊಂಡವರು ನಾಲ್ಕು ಸಲ ನಿಂತಿದ್ದರು, ಗೆದ್ದಿದ್ದು ಮೂರು ಸಲ. ಮಧ್ಯದ ಒಂದು ಸಲ ಕೆಲವೇ ನೂರು ಮತಗಳಲ್ಲಿ ಸೋತಿದ್ದರು. ಸಾವಿನ ಮನೆಯಲ್ಲಿ ಯಾರೋ ಒಂದು ಚೀಟಿ ಕೊಟ್ಟರು, ಅದರಲ್ಲಿ ನಾಲ್ಕು ಅಂತ ಇತ್ತು, ನಾನು ಹಾಗೇ ಇಳಿಸಿದೆ. ತಿದ್ದುಪಡಿ ನಾಲ್ಕು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ಎರಡು ಸಾಲು ಬಂತು. ಅದನ್ನು ಓದಿದವರು ಬಹುಶಃ ನಾನು ಮತ್ತು ಆ ಫೋನ್ ಮಾಡಿದವರು, ಇಬ್ಬರೇ.

ನಾನು ಬೇಲೂರಿನವನು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ಜೊತೆಗೆ ವರ್ಷಾನುಗಟ್ಟಲೆ ತಾಲ್ಲೂಕು ವರದಿಗಾರನ ಕೆಲಸ ಮಾಡಿದೆ. ಈ ಕಡೆ ಚಿಕ್ಕಮಗಳೂರು 25 ಕಿಲೋಮೀಟರ್, ಆ ಕಡೆ ಹಾಸನ 40. ಹಾಗಾಗಿ ಎರಡೂ ಜಿಲ್ಲೆಯ ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸ್ ನನ್ನ ಕಂಪ್ಯೂಟರ್‌ನಲ್ಲೇ ತಯಾರಾಗಿದೆ. "ಅಭಿವೃದ್ಧಿಯ ಹರಿಕಾರ" ಅನ್ನುವ ಪದವನ್ನು ನನ್ನಷ್ಟು ಸಲ ಟೈಪ್ ಮಾಡಿದವರು ಈ ಸೀಮೆಯಲ್ಲಿ ಇನ್ನೊಬ್ಬರು ಇರಲಾರರು. ಈಗ ಯೂಟ್ಯೂಬ್ ಚಾನೆಲ್ ಇಟ್ಟುಕೊಂಡಿರುವ ಹುಡುಗರು, ವಾರಪತ್ರಿಕೆಯವರು, ಅಭಿನಂದನಾ ಗ್ರಂಥ ಮಾಡಲು ಹೊರಟ ಮೇಷ್ಟ್ರುಗಳು ಅಂಗಡಿಗೆ ಬಂದು ಕೇಳುತ್ತಾರೆ: "ಸಾರ್, ನಮ್ಮ ಎಮ್ಮೆಲ್ಲೆ ಬಗ್ಗೆ ಬರೀಬೇಕು, ಎಲ್ಲಿಂದ ಶುರು ಮಾಡ್ಲಿ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರ ಮನೆಗೆ ಹೋಗಬೇಡಿ

ಎಲ್ಲರೂ ಮಾಡುವ ತಪ್ಪು ಇದು. ಸೀದಾ ಶಾಸಕರ ಮನೆಗೆ ಹೋಗುವುದು, ಆಪ್ತ ಸಹಾಯಕ ಕೊಟ್ಟ ಎರಡು ಹಾಳೆ "ಪರಿಚಯ" ಇಸಕೊಂಡು ಬರುವುದು. ಆ ಹಾಳೆಯಲ್ಲಿ ಸೋಲು ಇರುವುದಿಲ್ಲ. ಬಿಟ್ಟು ಬಂದ ಪಕ್ಷ ಇರುವುದಿಲ್ಲ. ನಡುವೆ ಐದು ವರ್ಷ ಏನು ಮಾಡುತ್ತಿದ್ದರು ಅನ್ನುವುದೂ ಇರುವುದಿಲ್ಲ. ಒಂದು ಸಲ ಆ ಹಾಳೆ ತಲೆಗೆ ಹೋದರೆ ಆಮೇಲೆ ಬೇರೆ ಥರ ಯೋಚನೆ ಮಾಡುವುದು ಕಷ್ಟ.

ಬದಲು ಒಂದು ಲಾಂಗ್ ನೋಟ್‌ಬುಕ್ ತಗೊಳ್ಳಿ. ಅಡ್ಡ ಹಿಡಿದು ಗೆರೆ ಎಳೆಯಿರಿ. ವರ್ಷ, ಕ್ಷೇತ್ರ, ಪಕ್ಷ, ಗೆಲುವೋ ಸೋಲೋ, ಎದುರಾಳಿ ಯಾರು, ಅಂತರ ಎಷ್ಟು. ಎಡಗಡೆ ಎಲ್ಲ ವಿಧಾನಸಭೆ ಚುನಾವಣೆಯ ವರ್ಷಗಳನ್ನೂ ಬರೆಯಿರಿ: 1952, 57, 62, 67, 72, 78, 83, 85, 89, 94, 99, 2004, 2008, 2013, 2018, 2023. ಒಟ್ಟು ಹದಿನಾರು. ನಿಮ್ಮವರು ನಿಂತ ವರ್ಷ ಮಾತ್ರ ಬರೆದರೆ ಸಾಲದು. ಅವರು ಮೊದಲ ಸಲ ನಿಂತಲ್ಲಿಂದ ಈಚೆಗೆ ಖಾಲಿ ಉಳಿಯುವ ಸಾಲುಗಳೂ ಮಾತಾಡುತ್ತವೆ. ಟಿಕೆಟ್ ಸಿಗಲಿಲ್ಲವಾ? ಜೈಲಿನಲ್ಲಿದ್ದರಾ? ತಮ್ಮನಿಗೆ ಬಿಟ್ಟುಕೊಟ್ಟರಾ? ಆ ಖಾಲಿ ಜಾಗಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಅಂಕಿ ಎಲ್ಲಿ ಸಿಗುತ್ತೆ? ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಪ್ರತಿ ಚುನಾವಣೆಯ ಅಂಕಿಅಂಶ ವರದಿ ಇದೆ, 1952ರ ಮೊದಲ ಚುನಾವಣೆಯಿಂದ ಹಿಡಿದು. ದುಡ್ಡು ಕೊಡಬೇಕಾಗಿಲ್ಲ. ಆದರೆ ಇಂಗ್ಲಿಷಿನಲ್ಲಿದೆ, ಹೆಸರುಗಳ ಸ್ಪೆಲ್ಲಿಂಗ್ ಒಂದೊಂದು ವರ್ಷ ಒಂದೊಂದು ಥರ. ಚಿಕ್ಕಮಗಳೂರನ್ನೇ ಹುಡುಕಲು ಮೂರ್ನಾಲ್ಕು ರೀತಿ ಟೈಪ್ ಮಾಡಬೇಕಾಗುತ್ತೆ. ಇನ್ನು ಹಾಸನ ಜಿಲ್ಲೆಯ ಪಟ್ಟಿಯಲ್ಲಿ "ಗೌಡ" ಅಂತ ಹುಡುಕಿದರೆ ಅರ್ಧ ಪಟ್ಟಿ ಎದ್ದು ನಿಲ್ಲುತ್ತದೆ! ಇನಿಷಿಯಲ್ ನೋಡಿ, ಪಕ್ಷ ನೋಡಿ. ಮತ ಒಡೆಯಲು ಅದೇ ಹೆಸರಿನ ಇನ್ನೊಬ್ಬರನ್ನು ನಿಲ್ಲಿಸುವ ಆಟವೂ ಇದೆ. ಅವರು ಮುನ್ನೂರೋ ನಾನೂರೋ ಮತ ತಗೊಂಡು ನಿಮ್ಮ ಪಟ್ಟಿಯಲ್ಲಿ ಸೇರಿಕೊಂಡುಬಿಡುತ್ತಾರೆ.

"ಠೇವಣಿ ಕಳೆದುಕೊಂಡರು" ಅಂತ ಸುಮ್ನೆ ಬರೆಯಬೇಡಿ. ಅದಕ್ಕೆ ಲೆಕ್ಕ ಇದೆ. ಒಟ್ಟು ಸಿಂಧು ಮತದ ಆರನೇ ಒಂದು ಭಾಗ ಸಿಗದಿದ್ದರೆ ಠೇವಣಿ ಹೋಗುತ್ತೆ. ಮೂರನೇ ಸ್ಥಾನಕ್ಕೆ ಬಂದೂ ಠೇವಣಿ ಉಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕ್ಯಾಲ್ಕುಲೇಟರ್ ಒತ್ತಿ ನೋಡಿ ಬರೆಯಿರಿ.

ಐದರಿಂದ ಗುಣಿಸುವ ರೋಗ

ಗೆದ್ದ ಸಲಗಳನ್ನು ಐದರಿಂದ ಗುಣಿಸಿ ಇಷ್ಟು ವರ್ಷ ಶಾಸಕ ಅಂತ ಬರೆಯುವುದು ಯಾಕೆ ತಪ್ಪು ಅಂತ ಅರ್ಥ ಮಾಡಿಸಲು ನಾನು ಯಾವಾಗಲೂ ಎಚ್.ಡಿ. ದೇವೇಗೌಡರ ಸಾಲು ಹಾಕಿ ತೋರಿಸುತ್ತೇನೆ. ಎಲ್ಲರಿಗೂ ಗೊತ್ತಿರುವ ಹೆಸರು, ಆದರೂ ಎಲ್ಲರೂ ತಪ್ಪುವ ಲೆಕ್ಕ.

ಅವರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. ಆಮೇಲೆ 67, 72, 78, 83, 85. ಒಟ್ಟು ಆರು ಸಲ, ಒಂದೇ ಕ್ಷೇತ್ರ. "ಆರು ಸಲ ಅಂದ್ರೆ ಮೂವತ್ತು ವರ್ಷ" ಅಂತ ಬರೆದುಕೊಂಡು ಬಂದ ಹುಡುಗನಿಗೆ ನಾನು ನೋಟ್‌ಬುಕ್ ವಾಪಸ್ ಕೊಟ್ಟೆ. 62ರಿಂದ 89 ಅಂದರೆ 27 ವರ್ಷ. 83ರಲ್ಲಿ ಆರಿಸಿ ಬಂದ ಸದನ ಎರಡೇ ವರ್ಷಕ್ಕೆ ಮುಗಿಯಿತು, 85ರಲ್ಲಿ ಮತ್ತೆ ಚುನಾವಣೆ. ಆ 27ರ ಒಳಗೂ 1971ರ ಮಾರ್ಚ್‌ನಿಂದ 72ರ ಮಾರ್ಚ್‌ವರೆಗೆ ರಾಷ್ಟ್ರಪತಿ ಆಳ್ವಿಕೆ. ಇತ್ತೀಚಿನ ಉದಾಹರಣೆ ಬೇಕಾದರೆ 2004ರಲ್ಲಿ ಗೆದ್ದವರನ್ನು ನೋಡಿ. 2007ರ ಕೊನೆಗೆ ಸದನ ವಿಸರ್ಜನೆ ಆಯಿತು, ಅವರಿಗೂ ಪೂರ್ತಿ ಐದು ವರ್ಷ ಸಿಗಲಿಲ್ಲ.

ಈಗ ಅದೇ ಪಟ್ಟಿಯಲ್ಲಿ 1989ರ ಸಾಲಿಗೆ ಬನ್ನಿ. ಹೊಳೆನರಸೀಪುರದಲ್ಲಿ ದೇವೇಗೌಡರು ಸೋತರು. ಸೋಲಿಸಿದವರು ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರು. ಎರಡೇ ವರ್ಷಕ್ಕೆ, 1991ರಲ್ಲಿ, ದೇವೇಗೌಡರು ಹಾಸನದಿಂದ ಲೋಕಸಭೆಗೆ ಹೋದರು. 94ರಲ್ಲಿ ರಾಮನಗರದಿಂದ ವಿಧಾನಸಭೆಗೆ ಬಂದು ಮುಖ್ಯಮಂತ್ರಿ ಆದರು. ನಮ್ಮ ಕಡೆ ಇವತ್ತಿಗೂ ಬಹಳ ಜನ "ಹೊಳೆನರಸೀಪುರದ ಎಮ್ಮೆಲ್ಲೆ ಆಗಿದ್ದಾಗ ಸಿಎಂ ಆದ್ರು" ಅನ್ನುತ್ತಾರೆ. ಆಗ ಅವರ ಕ್ಷೇತ್ರ ರಾಮನಗರ. 1996ರ ಜೂನ್ 1ಕ್ಕೆ ಪ್ರಧಾನಿ ಆದರು, ಸಂಸತ್ತಿಗೆ ಹೋಗಿದ್ದು ರಾಜ್ಯಸಭೆಯ ಮೂಲಕ. ಆಮೇಲೆ 1999. ಹಾಸನ ಲೋಕಸಭೆಯಲ್ಲಿ ಮಾಜಿ ಪ್ರಧಾನಿಯನ್ನು ಸೋಲಿಸಿದವರು ಯಾರು? ಮತ್ತೆ ಅದೇ ಪುಟ್ಟಸ್ವಾಮಿಗೌಡರು.

89 ಮತ್ತು 99, ಈ ಎರಡು ಸಾಲು ಬಿಟ್ಟು ಬರೆದು ನೋಡಿ. ಒಂದೇ ಸಮನೆ ಮೇಲೆ ಹೋಗುವ ಏಣಿ ಥರ ಕಾಣುತ್ತದೆ. ಸೇರಿಸಿ ಬರೆದು ನೋಡಿ, ಒಬ್ಬ ಮನುಷ್ಯ ಕಾಣುತ್ತಾನೆ, ಪಕ್ಕದಲ್ಲಿ ಅವನ ಊರೂ ಕಾಣುತ್ತದೆ. ಸೋಲಿನ ಸಾಲನ್ನು ಬಿಡಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಯಾವ ಕ್ಷೇತ್ರ, ಯಾವ ಸದನ

"ಬೀರೂರಿನ ಮಾಜಿ ಶಾಸಕ" ಅಂತ ಬರೆದರೆ ಈಗಿನ ಹುಡುಗರಿಗೆ ಗೊಂದಲ. ಬೀರೂರು ಅನ್ನುವ ವಿಧಾನಸಭಾ ಕ್ಷೇತ್ರವೇ ಈಗ ಇಲ್ಲ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದಾಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೀರೂರು ಹೋಯಿತು, ಹಾಸನ ಜಿಲ್ಲೆಯಲ್ಲಿ ಗಂಡಸಿ ಹೋಯಿತು. ಈಗ ಚಿಕ್ಕಮಗಳೂರಿಗೆ ಐದು: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು. ಹಾಸನಕ್ಕೆ ಏಳು. ನಮ್ಮ ಬೇಲೂರು 2008ಕ್ಕೆ ಮುಂಚೆ ಪರಿಶಿಷ್ಟ ಜಾತಿಗೆ ಮೀಸಲು, ಸಕಲೇಶಪುರ ಸಾಮಾನ್ಯ. ಈಗ ಉಲ್ಟಾ. ಒಬ್ಬ ಶಾಸಕ 2008ರಲ್ಲಿ ಇದ್ದಕ್ಕಿದ್ದಂತೆ ಪಕ್ಕದ ತಾಲ್ಲೂಕಿಗೆ ಹೋಗಿ ನಿಂತರೆ "ಕ್ಷೇತ್ರ ಬಿಟ್ಟು ಓಡಿಹೋದರು" ಅಂತ ಬರೆಯುವ ಮುಂಚೆ ಇದನ್ನು ನೋಡಿ. ಅವರ ಕಾಲ ಕೆಳಗಿನ ನೆಲವೇ ಜರುಗಿರಬಹುದು.

ಕಡೂರಿನದು ಇನ್ನೊಂದು ತಮಾಷೆ. ಜಿಲ್ಲೆ ಚಿಕ್ಕಮಗಳೂರು, ಲೋಕಸಭೆಗೆ ಮಾತ್ರ ಹಾಸನ. ಉಳಿದ ನಾಲ್ಕು ಕ್ಷೇತ್ರ ಉಡುಪಿ ಜೊತೆ. ಒಬ್ಬ ಎಮ್ಮೆಲ್ಲೆ ಯಾವ ಎಂಪಿ ಜೊತೆ ವೇದಿಕೆ ಹಂಚಿಕೊಳ್ಳುತ್ತಾರೆ ಅನ್ನುವುದು ಇದರ ಮೇಲೆ ನಿಂತಿರುತ್ತೆ.

"ಶಾಸಕ" ಅನ್ನುವ ಪದವೂ ಜಾರುತ್ತದೆ. ವಿಧಾನಸಭೆಯವರೂ ಶಾಸಕರೇ, ಪರಿಷತ್ತಿನವರೂ ಶಾಸಕರೇ. ಸಿ.ಟಿ. ರವಿಯವರು ಚಿಕ್ಕಮಗಳೂರಿನಿಂದ 2004, 2008, 2013, 2018 ನಾಲ್ಕು ಸಲ ವಿಧಾನಸಭೆಗೆ ಗೆದ್ದರು. 2023ರಲ್ಲಿ ಎಚ್.ಡಿ. ತಮ್ಮಯ್ಯ ಅವರ ಎದುರು ಸೋತರು. ತಮ್ಮಯ್ಯ ಕೂಡ ಮುಂಚೆ ಬಿಜೆಪಿಯಲ್ಲೇ ಇದ್ದವರು, ಚುನಾವಣೆಗೆ ಸ್ವಲ್ಪ ಮುಂಚೆ ಕಾಂಗ್ರೆಸ್ಸಿಗೆ ಬಂದಿದ್ದರು. 2024ರಲ್ಲಿ ರವಿ ವಿಧಾನ ಪರಿಷತ್ತಿಗೆ ಹೋದರು. ಇದನ್ನು "ಐದು ಬಾರಿ ಶಾಸಕ" ಅಂತ ಕೂಡಿಸಬೇಡಿ. ಸಭೆ ಬೇರೆ, ಪರಿಷತ್ ಬೇರೆ ಅಂತ ಬಿಡಿಸಿ ಬರೆಯಿರಿ.

ಎಲ್ಲ ಮನೆಯನ್ನೂ ನೋಡಿ ಬಂದವರು ಅಂದರೆ ಮೂಡಿಗೆರೆ ತಾಲ್ಲೂಕು ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್, ನಾಲ್ಕೂ ಕಡೆ ಸದಸ್ಯರಾಗಿದ್ದರು. 1983ರಿಂದ 85ರವರೆಗೆ ವಿಧಾನಸಭೆಯ ಸ್ಪೀಕರ್. 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದ. ಆದರೆ 2023ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಎಲ್ಲರ ಬಾಯಲ್ಲಿ ಬಂದಿದ್ದು ಒಂದೇ ಮಾತು: 1978ರಲ್ಲಿ ಇಂದಿರಾಗಾಂಧಿಗೆ ಚಿಕ್ಕಮಗಳೂರು ಸೀಟು ಬಿಟ್ಟುಕೊಟ್ಟವರು. ಇಂದಿರಾ ಆ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು. ಗೆದ್ದ ಸೀಟಿಗಿಂತ ಬಿಟ್ಟ ಸೀಟೇ ಒಬ್ಬರ ಹೆಸರನ್ನು ಇಷ್ಟು ವರ್ಷ ಹೊತ್ತುಕೊಂಡು ಬಂತು ನೋಡಿ. ನೋಟ್‌ಬುಕ್‌ನಲ್ಲಿ "ರಾಜೀನಾಮೆ" ಅನ್ನುವುದಕ್ಕೂ ಒಂದು ಜಾಗ ಬಿಡಿ.

ಪಕ್ಷ ಬದಲಾವಣೆಗೆ ಬಂದಾಗ ವಿಶೇಷಣ ಬೇಡ, ವರ್ಷ ಸಾಕು. ಅರಕಲಗೂಡಿನ ಎ. ಮಂಜು ಅವರದ್ದು: 1999 ಬಿಜೆಪಿಯಿಂದ ಗೆಲುವು, 2008 ಮತ್ತು 2013 ಕಾಂಗ್ರೆಸ್ಸಿನಿಂದ ಗೆಲುವು, 2019ರಲ್ಲಿ ಹಾಸನ ಲೋಕಸಭೆಗೆ ಬಿಜೆಪಿ ಅಭ್ಯರ್ಥಿ, 2023 ಜೆಡಿಎಸ್‌ನಿಂದ ಗೆಲುವು. ಇಷ್ಟು ಬರೆದರೆ ಓದುವವರಿಗೆ ಅರ್ಥವಾಗುತ್ತೆ. ನೀವು "ಜಿಗಿತ" ಅಂತ ಸೇರಿಸಿದರೆ ಅವರ ಕಡೆಯವರ ಫೋನ್, "ಜನಸೇವೆಗಾಗಿ" ಅಂತ ಸೇರಿಸಿದರೆ ಉಳಿದವರ ಫೋನ್.

ಕಲ್ಲು ಓದುವುದು

ಎಲ್ಲಕ್ಕಿಂತ ನನಗೆ ಇಷ್ಟವಾದ ಕೆಲಸ ಇದು. ಬೈಕ್, ನೀರಿನ ಬಾಟಲಿ, ಒಂದು ಹಳೇ ಬಟ್ಟೆ, ಎರಡು ಚಾಕ್‌ಪೀಸ್. ಇಷ್ಟೇ ಸಾಮಾನು. ಹಳ್ಳಿಹಳ್ಳಿಯ ಬಸ್ ತಂಗುದಾಣ, ಸಮುದಾಯ ಭವನ, ಅಂಗನವಾಡಿ, ನೀರಿನ ಟ್ಯಾಂಕ್, ಸೇತುವೆಗಳ ಪಕ್ಕ ಇರುವ ಶಂಕುಸ್ಥಾಪನೆ ಕಲ್ಲುಗಳನ್ನು ಓದಬೇಕು. ಎಮ್ಮೆಲ್ಲೆಯ ಕ್ಷೇತ್ರದ ಕೆಲಸ ಕಲ್ಲಿನ ಮೇಲೆ ಬರೆದಿರುವುದು ಅಲ್ಲಿ ಮಾತ್ರ.

ಅರೇಹಳ್ಳಿ ಕಡೆ ಹೋಗುವಾಗ ಒಂದು ಸಮುದಾಯ ಭವನ ಸಿಗುತ್ತದೆ. ಗೋಡೆಗೆ ಎರಡು ಕಲ್ಲು. ಒಂದು ಬಾಗಿಲ ಎಡಕ್ಕೆ, ಅದರ ಮೇಲೆ ಮೂರು ಸಲ ಸುಣ್ಣ ಬಳಿದಿದ್ದಾರೆ. ಅಕ್ಷರ ಕಾಣುವುದಿಲ್ಲ. ನೀರು ಹಾಕಿ ಒರೆಸಿ, ಒಣಗಿದ ಮೇಲೆ ಬಣ್ಣದ ಚಾಕ್‌ಪೀಸನ್ನು ಮಲಗಿಸಿ ಉಜ್ಜಿದೆ. ಕೊರೆದ ಅಕ್ಷರ ಹಾಗೇ ಉಳಿದು ಸುತ್ತ ಬಣ್ಣ ಹಿಡಿಯಿತು. "ಶಂಕುಸ್ಥಾಪನೆ" ಅಂತ ಒಬ್ಬ ಶಾಸಕರ ಹೆಸರು, ತಾರೀಕು, ಅಂದಾಜು ಮೊತ್ತ. ಬಲಗಡೆಯ ಕರಿ ಗ್ರಾನೈಟಿನಲ್ಲಿ "ಉದ್ಘಾಟನೆ" ಅಂತ ಇನ್ನೊಬ್ಬ ಶಾಸಕರ ಹೆಸರು. ನಡುವೆ ಒಂಬತ್ತು ವರ್ಷ. ಮೊತ್ತ ಮೂರು ಪಟ್ಟು. ಅಲ್ಲೇ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ, "ಯಾರ ಹೆಸ್ರು ಹುಡುಕ್ತಿದ್ದೀಯಪ್ಪಾ? ಕಟ್ಟಿದ್ದು ನಮ್ಮೂರ ಗಾರೆಯವ್ನು, ಅವ್ನ ಹೆಸ್ರು ಅದ್ರಲ್ಲಿಲ್ಲ" ಅಂದಳು. ಆ ಮಾತನ್ನೂ ಬರೆದುಕೊಂಡೆ.

ಕಲ್ಲಿನಲ್ಲಿ ಮೊದಲು ತಾರೀಕು ನೋಡಿ. 2008ರಿಂದ ಈಚೆಗೆ ನಮ್ಮ ವಿಧಾನಸಭೆ ಚುನಾವಣೆ ನಾಲ್ಕೂ ಸಲ ಮೇ ತಿಂಗಳಲ್ಲೇ ನಡೆದಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಹಾಕಿದ ಕಲ್ಲು ಸಿಕ್ಕರೆ ವರ್ಷ ನೋಡಿ, ಅರ್ಥವಾಗುತ್ತದೆ. ಆಮೇಲೆ ದುಡ್ಡು ಯಾವ ಬಾಬ್ತು ಅಂತ ನೋಡಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ಇರುತ್ತೆ. ಆ ದುಡ್ಡು ಶಾಸಕರ ಕೈಗೆ ಬರುವುದಿಲ್ಲ. ಅವರು ಕೆಲಸ ಸೂಚಿಸುತ್ತಾರೆ, ಡಿಸಿ ಕಚೇರಿಯಿಂದ ಬಿಡುಗಡೆ ಆಗುತ್ತೆ. "ಸ್ವಂತ ದುಡ್ಡಿಂದ ಮಾಡಿಸಿದರು" ಅಂತ ಊರಿನವರು ಹೇಳುವ ಬಸ್ ತಂಗುದಾಣ ಬಹಳ ಸಲ ಇದೇ ನಿಧಿಯದ್ದು.

ಕಾಗದ ತರಿಸುವುದು

ಕಲ್ಲಿನಲ್ಲಿ ಕಾಣದ ಅಧಿಕಾರ ಒಂದಿದೆ. ಮಲೆನಾಡಿನಲ್ಲಿ ಎಮ್ಮೆಲ್ಲೆಯ ನಿಜವಾದ ತೂಕ ಗೊತ್ತಾಗುವುದು ಬಗರ್ ಹುಕುಂ ಸಮಿತಿಯಲ್ಲಿ. ಸರ್ಕಾರಿ ಜಮೀನು ಸಾಗುವಳಿ ಮಾಡಿಕೊಂಡು ಬಂದವರಿಗೆ ಸಕ್ರಮ ಮಾಡಿಕೊಡುವ ತಾಲ್ಲೂಕು ಸಮಿತಿ ಅದು, ಅಧ್ಯಕ್ಷರು ಶಾಸಕರು. ಸಕ್ರಮಕ್ಕೆ ಅರ್ಜಿ ಹಾಕುವ ಫಾರಂ 50, 53, 57 ಅಂದರೆ ನಮ್ಮಲ್ಲಿ ಕೂಲಿ ಮಾಡುವವರಿಗೂ ಗೊತ್ತು. ಎಷ್ಟು ಸಭೆ ನಡೆಯಿತು, ಎಷ್ಟು ಅರ್ಜಿ ವಜಾ, ಎಷ್ಟು ಜನಕ್ಕೆ ಸಾಗುವಳಿ ಚೀಟಿ ಸಿಕ್ಕಿತು, ಇದು ಯಾವ ಭಾಷಣಕ್ಕಿಂತಲೂ ಜಾಸ್ತಿ ಹೇಳುತ್ತದೆ. ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲ್ಲೂಕಿನ ಕೆಡಿಪಿ ಸಭೆಯೂ ಶಾಸಕರ ಅಧ್ಯಕ್ಷತೆಯಲ್ಲೇ. ಅದರ ನಡವಳಿಯೂ ಕಾಗದದಲ್ಲಿ ಇರುತ್ತೆ.

ಇವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ನಾನು ಮೊದಲ ಸಲ ಎರಡು ಪುಟ ಬರೆದು ಶಾಸಕರ ಹುಟ್ಟಿನಿಂದ ಹಿಡಿದು ಎಲ್ಲ ಕೇಳಿದ್ದೆ, ಹಾಗೇ ವಾಪಸ್ ಬಂತು. ಈಗ ನಾಲ್ಕು ಸಾಲು ಬರೆಯುತ್ತೇನೆ: ಇಂಥ ಸಮಿತಿ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ, ಸಭಾ ನಡವಳಿಗಳ ನಕಲು ಕೊಡಿ. ಮುಗೀತು.

ಸದನದಲ್ಲಿ ಏನು ಮಾಡಿದರು ಅನ್ನುವುದನ್ನು ಜನ ಕೇಳುವುದೇ ಇಲ್ಲ, ಅಲ್ವಾ? ಅವರನ್ನು ಆರಿಸಿ ಕಳಿಸಿದ್ದು ಅಲ್ಲಿಗೆ! ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಪ್ರಶ್ನೋತ್ತರ, ನಡವಳಿ ಸಿಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಎಷ್ಟು ಪ್ರಶ್ನೆ ಅಂತ ಎಣಿಸಿದರೆ ಸಾಲದು, ಏನು ಕೇಳಿದರು ಅಂತ ಓದಿ. ಆಲೂರು, ಸಕಲೇಶಪುರದಲ್ಲಿ ಕಾಡಾನೆ ಕಾಟದಿಂದ ಜನ ಸಾಯುತ್ತಿರುವಾಗ ಅಲ್ಲಿಯವರು ಆನೆ ಬಗ್ಗೆ ಎಷ್ಟು ಸಲ ಎದ್ದು ನಿಂತರು? ಶೃಂಗೇರಿ, ಕೊಪ್ಪದಲ್ಲಿ ಅಡಿಕೆಗೆ ಹಳದಿ ಎಲೆ ರೋಗ ಬಂದು ತೋಟಗಳೇ ಹೋದವು, ಆ ಮಾತು ಸದನದಲ್ಲಿ ಯಾವ ವರ್ಷ ಬಂತು?

ಸಮಿತಿ ಕೆಲಸವನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅರಕಲಗೂಡಿನ ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರಿನ ಸರ್ಕಾರಿ ಭೂಮಿ ಒತ್ತುವರಿ ಬಗ್ಗೆ 2007ರ ಹೊತ್ತಿಗೆ ಕೊಟ್ಟ ವರದಿಯನ್ನು ಜನ ಇವತ್ತಿಗೂ ಎತ್ತಿ ಮಾತಾಡುತ್ತಾರೆ. ಆ ಕೆಲಸದಿಂದ ಅರಕಲಗೂಡಿನ ಒಂದು ಚರಂಡಿಯೂ ಆಗಲಿಲ್ಲ, ಹಾಗಾಗಿ ಯಾವ ಫ್ಲೆಕ್ಸಿನಲ್ಲೂ ಜಾಗ ಸಿಗಲಿಲ್ಲ. ಶಾಸಕ ಅನ್ನುವ ಪದಕ್ಕೆ ಸರಿಯಾದ ಕೆಲಸ ಅಂದರೆ ಅದೇ ಅಂತ ನನ್ನ ಲೆಕ್ಕ.

ಅಫಿಡವಿಟ್ ಬಗ್ಗೆ ಒಂದು ಎಚ್ಚರಿಕೆ. ನಾಮಪತ್ರದ ಜೊತೆ ಕೊಡುವ ನಮೂನೆ 26ರಲ್ಲಿ ಆಸ್ತಿ, ಸಾಲ, ಪ್ರಕರಣ, ಓದು ಎಲ್ಲ ಇರುತ್ತೆ. ಎರಡು ಮೂರು ಚುನಾವಣೆಯದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಆದರೆ ಅದೇ ಹತ್ತೆಕರೆ ಕಾಫಿ ತೋಟದ ಬೆಲೆ ಏರಿದ್ದಕ್ಕೆ "ಐದು ವರ್ಷದಲ್ಲಿ ಆಸ್ತಿ ಡಬಲ್" ಅಂತ ಶೀರ್ಷಿಕೆ ಕೊಡಬೇಡಿ. ಎಕರೆ, ಗುಂಟೆ ಜಾಸ್ತಿ ಆಗಿದೆಯಾ ನೋಡಿ. ಪ್ರಕರಣ ಬಾಕಿ ಇದೆ ಅನ್ನುವುದಕ್ಕೂ ಶಿಕ್ಷೆ ಆಗಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಆ ಪುಟ ಮುಟ್ಟಲೇಬೇಡಿ.

ಸೋತವರ ಮನೆ

ಇಷ್ಟೆಲ್ಲ ಆದ ಮೇಲೆ ಜನರನ್ನು ನೋಡಲು ಹೋಗಿ. ಮೊದಲು ಹೋಗಬೇಕಾದ್ದು ಎದುರಾಳಿಯ ಮನೆಗೆ.

ಬೆಳಿಗ್ಗೆ ಆರೂವರೆಯ ಆ ಫೋನ್ ಬಂದ ವಾರ ನಾನು ಕ್ಷಮೆ ಕೇಳಲು ಫೋನ್ ಮಾಡಿದವರ ಅಪ್ಪನ ತೋಟಕ್ಕೆ ಹೋಗಿದ್ದೆ. ಜನವರಿ. ಕಣದ ತುಂಬ ಕಾಫಿ ಹಣ್ಣು ಹರಡಿತ್ತು. ಹಿರಿಯರು ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಸಾಲು ಹಿಡಿದು ಕಾಫಿ ಕೆದರುತ್ತಾ ನಡೆಯುತ್ತಿದ್ದರು. ನನ್ನನ್ನು ನೋಡಿದರೂ ನಿಲ್ಲಲಿಲ್ಲ. ಸಾಲು ಮುಗಿಸಿ ಬಂದು ಹೇಳಿದರು: "ಗೆದ್ದಿದ್ದು ಒಂದೇ ಸಲ ಕಣಪ್ಪಾ. ಅದನ್ನೂ ತಗೊಂಡು ಅವ್ನಿಗೇ ಕೊಟ್ಟೆಯಲ್ಲ."

ನನಗೆ ಮಾತು ಹೊರಡಲಿಲ್ಲ. ಅವರೇ ಒಳಗೆ ಕರೆದು ಕಾಫಿ ಕೊಡಿಸಿದರು. ಆಮೇಲೆ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಸಿದರು. ಅದರಲ್ಲಿ ಎಣಿಕೆ ದಿನದ ಕಾಗದಗಳಿದ್ದವು. ಆಗ ಬ್ಯಾಲೆಟ್ ಪೇಪರ್ ಕಾಲ, ಎಣಿಕೆ ರಾತ್ರಿಯವರೆಗೂ ನಡೆಯುತ್ತಿತ್ತು. ಅವರ ಏಜೆಂಟರು ಸುತ್ತು ಸುತ್ತಿಗೂ ಬರೆದ ಅಂಕಿ, ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಬರೆದದ್ದೂ ಇತ್ತು. ಎಲ್ಲೆಲ್ಲಿ ಹಿಂದೆ ಬಿದ್ದರು, ಯಾವ ಹೋಬಳಿಯಲ್ಲಿ ಮುಂದೆ ಬಂದರು, ಎಲ್ಲ. ಅವತ್ತು ಮೂರು ಗಂಟೆ ಕೂತಿದ್ದೆ. ಗೆದ್ದವರ ಬಗ್ಗೆ ಗೆದ್ದವರಿಗೇ ಗೊತ್ತಿಲ್ಲದ ಸಂಗತಿಗಳು ಅಲ್ಲಿ ಸಿಕ್ಕವು. ಎದುರಾಳಿಯನ್ನು ಐದು ವರ್ಷ ಕಣ್ಣು ಮಿಟುಕಿಸದೆ ನೋಡಿದವರು ಅವರು. ಬೈದದ್ದು ಕಡಿಮೆ, ಲೆಕ್ಕ ಹೇಳಿದ್ದೇ ಜಾಸ್ತಿ.

ಈಗಿನ ಚುನಾವಣೆಗಳಿಗೆ ಆ ಟ್ರಂಕಿನ ಬದಲು ನಮೂನೆ 20 ಇದೆ. ಬೂತ್‌ವಾರು ಮತ ಅದರಲ್ಲಿರುತ್ತೆ, ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಮೊದಲು ಅವರ ಸ್ವಂತ ಊರಿನ ಬೂತ್ ನೋಡಿ. ಅಲ್ಲೇ ಹಿಂದೆ ಬಿದ್ದಿದ್ದರೆ ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗಬಹುದು.

ಆಮೇಲೆ ಹಳೇ ಡ್ರೈವರ್, ಹಳೇ ಪಿಎ, ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರು. ಡ್ರೈವರ್ ಹೇಳುವುದೆಲ್ಲ ಬರೆಯಲು ಬರುವುದಿಲ್ಲ. ಆದರೂ ಕೇಳಿ, ಯಾವ ಊರಿಗೆ ಜಾಸ್ತಿ ಹೋಗುತ್ತಿದ್ದರು, ಯಾವ ಊರಿನ ದಾರಿ ತಪ್ಪಿಸುತ್ತಿದ್ದರು ಅಂತ ಅವರಿಗೆ ಮಾತ್ರ ಗೊತ್ತು.

ಕೊನೆಗೆ ಶಾಸಕರ ಮನೆ. ಬೆಳಿಗ್ಗೆ ಜನ ತುಂಬಿರುವಾಗ ಹೋಗಿ ಸುಮ್ನೆ ಒಂದು ಮೂಲೆಯಲ್ಲಿ ಕೂತು ನೋಡಿ. ವರ್ಗಾವಣೆ, ಆಸ್ಪತ್ರೆ ಬಿಲ್ಲು, ಮದುವೆ ಕಾರ್ಡು, ಸ್ಟೇಷನ್ನಿಗೊಂದು ಫೋನ್. ಯಾರನ್ನು ನಿಲ್ಲಿಸಿ ಮಾತಾಡಿಸಿದರು, ಯಾರಿಗೆ ಕುರ್ಚಿ ಕೊಟ್ಟರು ಅನ್ನುವುದನ್ನು ಗಮನಿಸಿ. ನಿಮ್ಮ ಸರದಿ ಬಂದಾಗ "ನಿಮ್ಮ ಸಾಧನೆ ಏನು ಸಾರ್" ಅಂತ ಕೇಳಿದರೆ ಅದೇ ಎರಡು ಹಾಳೆ ಬಾಯಲ್ಲಿ ಬರುತ್ತೆ. ಬದಲು ಕೇಳಿ: ಮೊದಲ ಚುನಾವಣೆಗೆ ಜೀಪು ಯಾರದ್ದು? ಟಿಕೆಟ್‌ಗೆ ಯಾರ ಮನೆ ಮುಂದೆ ಎಷ್ಟು ದಿನ ಕಾದಿರಿ? ಸೋತ ಮಾರನೇ ದಿನ ಎಲ್ಲಿದ್ದಿರಿ, ಯಾರು ಬಂದರು? ಈ ಕೊನೆಯ ಪ್ರಶ್ನೆಗೆ ಒಬ್ಬರು ಬಹಳ ಹೊತ್ತು ಸುಮ್ಮನಿದ್ದು "ನಾಯಿ ಒಂದೇ ಬಂತು" ಅಂದರು. ಆಮೇಲೆ ಒಂದೂವರೆ ಗಂಟೆ ಬಿಡದೆ ಮಾತಾಡಿದರು.

ಬರೆಯುವಾಗ

ಎಲ್ಲ ಸೇರಿಸಿದ ಮೇಲೆ ಹುದ್ದೆಗಳ ಪಟ್ಟಿ ಮಾಡುವ ಆಸೆ ಬರುತ್ತೆ. ತಡೆಯಿರಿ. ಒಂದು ಸಂಗತಿ ಹಿಡಿದು ನಿಲ್ಲಿ. ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಶೃಂಗೇರಿಯಿಂದ ಗೆದ್ದು, 1994ರಲ್ಲಿ ಬಂದ ಜನತಾದಳ ಸರ್ಕಾರದಲ್ಲಿ ಶಿಕ್ಷಣ ಸಚಿವರಾದರು. ಅವರ ಕಾಲದ ಶಿಕ್ಷಕರ ನೇಮಕಾತಿಯನ್ನು ನೆನೆಯುವವರು ನಮ್ಮ ಸೀಮೆಯ ಎಷ್ಟೋ ಮನೆಯಲ್ಲಿದ್ದಾರೆ. ಲಂಚ ಇಲ್ಲದೆ, ಅಂಕದ ಮೇಲೆ ಕೆಲಸ ಸಿಕ್ಕಿತು ಅಂತ ಆಗಿನ ಮೇಷ್ಟ್ರುಗಳು ಇವತ್ತಿಗೂ ಹೇಳುತ್ತಾರೆ. ಅವರ ಬಗ್ಗೆ ಬರೆಯುವುದಾದರೆ ನಾನು ಅಂಥ ಒಬ್ಬ ಮೇಷ್ಟ್ರ ಮನೆಯಿಂದ ಶುರು ಮಾಡುತ್ತೇನೆ. ಉಳಿದ ಹುದ್ದೆ ಎಲ್ಲ ಒಂದು ಪ್ಯಾರಾ ಸಾಕು.

ನನ್ನ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ: ಹರಿಕಾರ, ಧೀಮಂತ, ಅಜಾತಶತ್ರು, ಬಡವರ ಬಂಧು, ಸೋಲಿಲ್ಲದ ಸರದಾರ. ಇವು ಫ್ಲೆಕ್ಸಿಗೆ ಮಾತ್ರ, ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟವರಿಗೆ. ಲೇಖನದಲ್ಲಿ ಬಂದರೆ ಅಳಿಸುತ್ತೇನೆ. ಸೋಲಿಲ್ಲದ ಸರದಾರ ಅಂತ ಬರೆಸಿಕೊಂಡವರಲ್ಲಿ ಇಬ್ಬರ ಸೋಲಿನ ಸಾಲು ನನ್ನ ನೋಟ್‌ಬುಕ್ಕಿನಲ್ಲೇ ಇದೆ.

ಅಚ್ಚಿಗೆ ಕಳಿಸುವ ಹಿಂದಿನ ದಿನ ಅಂಕಿಗಳನ್ನು ಮಾತ್ರ ಎರಡೂ ಕಡೆಯವರಿಗೆ ಫೋನಿನಲ್ಲಿ ಓದಿ ಹೇಳಿ. ವರ್ಷ, ಕ್ಷೇತ್ರ, ಅಂತರ. ಪೂರ್ತಿ ಲೇಖನ ಓದಿ ಹೇಳಬೇಡಿ, ಅವರೇ ಬರೆಯಲು ಶುರು ಮಾಡುತ್ತಾರೆ. ಕಲ್ಲಿನ ಫೋಟೋ, ಮಾಹಿತಿ ಹಕ್ಕಿನ ಉತ್ತರ, ಅಫಿಡವಿಟ್ ಪ್ರಿಂಟು ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ.

ಪ್ರಕಟವಾದ ದಿನ ಬೆಳಿಗ್ಗೆ ಬೇಗ ಎದ್ದು ಕಾಫಿ ಕುಡಿಯಿರಿ. ಫೋನ್ ಸ್ವಿಚ್ ಆಫ್ ಮಾಡಬೇಡಿ. ನೋಟ್‌ಬುಕ್ ಪಕ್ಕದಲ್ಲೇ ಇರಲಿ. ಆರೂವರೆ ಹೊತ್ತಿಗೆ ಬರುತ್ತೆ.